ಆಕಾಶಕ್ಕೆ ಇಂಟರ್‌ನೆಟ್ ಬಂದ ಮೇಲೆ ಮೌನ ಕಾಯುವವರು ಯಾರು?

(ಸಾರ್ವಜನಿಕ ಉಪನ್ಯಾಸವೊಂದರ ಧ್ವನಿಮುದ್ರಣವನ್ನು ಆಧರಿಸಿ ಸಿದ್ಧಪಡಿಸಿದ ಬರಹ)

ವಿಮಾನ ಹೊರಡುವ ಮೊದಲು ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ ಎಂದು ಸಿಬ್ಬಂದಿ ಹೇಳುತ್ತಾರಲ್ಲ, ಅದು ಯಾತಕ್ಕೆ ಎಂದು ಕೇಳಿದರೆ ನಿಮ್ಮಲ್ಲಿ ಬಹುತೇಕರು ಪೈಲಟ್‌ನ ಉಪಕರಣಗಳಿಗೆ ತೊಂದರೆಯಾಗುತ್ತದೆ ಎನ್ನುತ್ತೀರಿ. ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಈ ನಿಯಮದ ಹಿಂದೆ ಬೇರೆ ಬೇರೆ ಕಾಲದಲ್ಲಿ ಹುಟ್ಟಿದ, ಬೇರೆ ಬೇರೆ ಇಲಾಖೆಗಳು ಹೇಳಿದ ಕಾರಣಗಳು ಸೇರಿಕೊಂಡಿವೆ. ಅವುಗಳಲ್ಲಿ ಕೆಲವು ಈಗ ಬಲ ಕಳೆದುಕೊಳ್ಳುತ್ತಿವೆ, ಕೆಲವು ಹಾಗೆಯೇ ಉಳಿದಿವೆ. ಯಾವುದು ಹೋಗುತ್ತಿದೆ, ಯಾವುದು ಉಳಿದಿದೆ ಎಂಬುದು ಸ್ಪಷ್ಟವಾದರೆ ಮಾತ್ರ, ವಿಮಾನದೊಳಗೆ ಇಂಟರ್‌ನೆಟ್ ಬಂದಿರುವ ಈ ಹೊತ್ತಿನಲ್ಲಿ ನಾವು ಹೇಗೆ ನಡೆದುಕೊಳ್ಳಬೇಕು ಎಂಬ ಚರ್ಚೆಗೆ ಅರ್ಥ ಬರುತ್ತದೆ. ಆದ್ದರಿಂದ ಮೊದಲು ಆ ಕಾರಣಗಳನ್ನೇ ಬಿಡಿಸಿ ನೋಡೋಣ.

ಒಂದು ಕಾರಣಕ್ಕೂ ವಿಮಾನದ ಸುರಕ್ಷತೆಗೂ ನೇರ ಸಂಬಂಧವೇ ಇಲ್ಲ. ಅಮೆರಿಕದಲ್ಲಿ ಹಾರುವ ವಿಮಾನದಿಂದ ಮೊಬೈಲ್ ಬಳಸಬಾರದೆಂದು 1991ರಲ್ಲಿ ನಿಷೇಧ ತಂದದ್ದು ವಿಮಾನಯಾನ ಇಲಾಖೆಯಲ್ಲ. ದೂರಸಂಪರ್ಕವನ್ನು ನೋಡಿಕೊಳ್ಳುವ ಎಫ್‌ಸಿಸಿ ಎಂಬ ಆಯೋಗ. ನೆಲದ ಮೇಲಿರುವ ಫೋನಿಗೆ ಕಟ್ಟಡ, ಮರ, ಗುಡ್ಡಗಳ ಮರೆಯಿರುವುದರಿಂದ ಹತ್ತಿರದ ಕೆಲವೇ ಟವರ್‌ಗಳು ಸಿಗುತ್ತವೆ. ಮೊಬೈಲ್ ಜಾಲದ ಇಡೀ ಲೆಕ್ಕಾಚಾರ ನಿಂತಿರುವುದು ಇದರ ಮೇಲೆಯೇ. ಒಂದು ಟವರ್‌ನಲ್ಲಿ ಬಳಸಿದ ತರಂಗಾಂತರವನ್ನು ಸ್ವಲ್ಪ ದೂರದ ಇನ್ನೊಂದು ಟವರ್‌ನಲ್ಲಿ ಮತ್ತೆ ಬಳಸುತ್ತಾರೆ. ರಾತ್ರಿ ಬೆಟ್ಟದ ತುದಿಯಲ್ಲಿ ನಿಂತವರಿಗೆ ಸುತ್ತಲಿನ ಎಲ್ಲ ಊರುಗಳ ದೀಪಗಳೂ ಒಟ್ಟಿಗೆ ಕಾಣುವಂತೆ, ಮೇಲಕ್ಕೆ ಹೋದ ಫೋನಿಗೆ ಒಂದೇ ಸಲಕ್ಕೆ ಹತ್ತಾರು ಟವರ್‌ಗಳು ಕಾಣಿಸತೊಡಗುತ್ತವೆ, ಅವುಗಳಿಗೂ ಈ ಫೋನು ಕಾಣಿಸುತ್ತದೆ. ವಿಮಾನವೋ ಗಂಟೆಗೆ ಎಂಟುನೂರು ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಕೆಳಗಿನ ಜಾಲಕ್ಕೆ ಈ ಫೋನನ್ನು ಯಾವ ಟವರ್‌ಗೆ ಒಪ್ಪಿಸಬೇಕೆಂದು ತಿಳಿಯುವುದಿಲ್ಲ, ಒಂದೇ ತರಂಗಾಂತರವನ್ನು ಮರುಬಳಕೆ ಮಾಡುವ ಲೆಕ್ಕವೂ ಕೆಡುತ್ತದೆ. ಅಂದರೆ 1991ರ ನಿಷೇಧವು ಕಾಪಾಡಲು ಹೊರಟದ್ದು ನೆಲದ ಮೇಲಿನ ಮೊಬೈಲ್ ಬಳಕೆದಾರರನ್ನು.

ನೀವು ಹೇಳುವ ಕಾರಣ, ಅಂದರೆ ಉಪಕರಣಗಳ ಕಾರಣ, ಇನ್ನೊಂದು. ಹಳೆಯ ಜಿಎಸ್‌ಎಂ, ಅಂದರೆ 2ಜಿ ಕಾಲದ ಫೋನನ್ನು ರೇಡಿಯೊ ಅಥವಾ ಸ್ಪೀಕರ್ ಹತ್ತಿರ ಇಟ್ಟಾಗ, ಕರೆ ಬರುವ ಕ್ಷಣಕ್ಕೆ ಮೊದಲು ಟರ್ರ್ ಟರ್ರ್ ಎಂಬ ಸದ್ದು ಬರುತ್ತಿತ್ತು, ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಆ ಫೋನು ಸೆಕೆಂಡಿಗೆ 217 ಬಾರಿ ಶಕ್ತಿಯ ತುಣುಕುಗಳನ್ನು ಹೊರಬಿಡುತ್ತಿದ್ದುದರಿಂದ ಹುಟ್ಟುತ್ತಿದ್ದ ಸದ್ದು ಅದು. ಅದೇ ಸದ್ದು ಪೈಲಟ್‌ನ ಕಿವಿಯ ಹೆಡ್‌ಸೆಟ್‌ನಲ್ಲೂ ಕೇಳಿಸಬಲ್ಲದು. ಇಳಿಯುವ ಹೊತ್ತಿಗೆ ನಿಯಂತ್ರಣ ಗೋಪುರದಿಂದ ಬರುವ ಒಂದು ಸಂಖ್ಯೆ ಆ ಸದ್ದಿನಲ್ಲಿ ಮುಚ್ಚಿಹೋದರೆ ಮತ್ತೆ ಕೇಳಬೇಕಾಗುತ್ತದೆ, ಮತ್ತೆ ಕೇಳಲು ಸಮಯವಿಲ್ಲದ ಗಳಿಗೆಗಳೂ ಇರುತ್ತವೆ. ಇದಲ್ಲದೆ, ವೈಫೈ ಪರೀಕ್ಷೆಯ ಸಂದರ್ಭದಲ್ಲಿ ಕೆಲವು ಬೋಯಿಂಗ್ ವಿಮಾನಗಳ ಕಾಕ್‌ಪಿಟ್ ಪರದೆಗಳು ಕ್ಷಣಕಾಲ ಖಾಲಿಯಾದದ್ದು ಕಂಡುಬಂದು, 2014ರಲ್ಲಿ ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ ಆ ಪರದೆಗಳನ್ನು ಬದಲಿಸಲು ಆದೇಶಿಸಿತು. ಆದ್ದರಿಂದ ಈ ಭಯ ಕಟ್ಟುಕತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಪ್ರಸಂಗವನ್ನು ಹೇಳಿಯೇ ಮುಂದೆ ಹೋಗುತ್ತೇನೆ, ಏಕೆಂದರೆ ಅದು ನಮ್ಮ ಮನೆಬಾಗಿಲಿಗೂ ಬಂದಿತ್ತು. ವಿಮಾನವು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯುವ ರೇಡಿಯೊ ಆಲ್ಟಿಮೀಟರ್ ಎಂಬ ಉಪಕರಣ 4.2ರಿಂದ 4.4 ಗಿಗಾಹರ್ಟ್ಸ್ ತರಂಗಾಂತರದಲ್ಲಿ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ 5ಜಿ ಸೇವೆಗೆ ಕೊಟ್ಟ ತರಂಗಾಂತರ ಇದರ ನೆರೆಯಲ್ಲೇ, 3.7ರಿಂದ 3.98 ಗಿಗಾಹರ್ಟ್ಸ್ ವರೆಗೆ ಇತ್ತು. 2022ರ ಜನವರಿಯಲ್ಲಿ ಆ ಸೇವೆ ಆರಂಭವಾಗುವ ದಿನ ಏರ್ ಇಂಡಿಯಾ ಸೇರಿದಂತೆ ಹಲವು ಸಂಸ್ಥೆಗಳು ಅಮೆರಿಕಕ್ಕೆ ಹೋಗಬೇಕಿದ್ದ ಕೆಲವು ವಿಮಾನಗಳನ್ನು ರದ್ದುಮಾಡಿದವು. ಅದೇ ವರ್ಷದ ಕೊನೆಯಲ್ಲಿ ನಮ್ಮ ದೂರಸಂಪರ್ಕ ಇಲಾಖೆಯೂ ರನ್‌ವೇಯ ಎರಡೂ ತುದಿಗಳಿಂದ 2.1 ಕಿಲೋಮೀಟರ್ ವ್ಯಾಪ್ತಿಯಲ್ಲಿ 3.3 ಗಿಗಾಹರ್ಟ್ಸ್ ಮೇಲಿನ 5ಜಿ ಟವರ್‌ಗಳನ್ನು ಹಾಕದಂತೆ ಮೊಬೈಲ್ ಕಂಪನಿಗಳಿಗೆ ಸೂಚಿಸಿತು. ಇಲ್ಲಿ ಪ್ರಶ್ನೆ ಪ್ರಯಾಣಿಕರ ಫೋನಿನದಲ್ಲ, ಟವರ್‌ಗಳದು. ಆದರೂ ಅಕ್ಕಪಕ್ಕದ ತರಂಗಾಂತರಗಳು ಒಂದರ ಮೇಲೊಂದು ಚಾಚದಂತೆ ನೋಡಿಕೊಳ್ಳುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದು ಇದರಿಂದ ತಿಳಿಯುತ್ತದೆ.

ಹಾಗಿದ್ದರೂ ನಿಯಮ ಸಡಿಲವಾಯಿತು, ಮತ್ತು ಅದು ಪರೀಕ್ಷೆಗಳ ಆಧಾರದ ಮೇಲೆಯೇ ಸಡಿಲವಾಯಿತು. 2013ರ ಅಕ್ಟೋಬರ್ 31ರಂದು ಎಫ್‌ಎಎ, ತಮ್ಮ ವಿಮಾನಗಳು ಇಂತಹ ತರಂಗಗಳನ್ನು ತಡೆದುಕೊಳ್ಳುತ್ತವೆ ಎಂದು ತೋರಿಸಿಕೊಟ್ಟ ಸಂಸ್ಥೆಗಳು ಹೊರಡುವ ಬಾಗಿಲಿನಿಂದ ಇಳಿಯುವ ಬಾಗಿಲಿನವರೆಗೂ ಫ್ಲೈಟ್ ಮೋಡ್‌ನಲ್ಲಿ ಫೋನು, ಟ್ಯಾಬ್ಲೆಟ್ ಬಳಸಲು ಬಿಡಬಹುದೆಂದು ಹೇಳಿತು. ಯುರೋಪು ಅದನ್ನೇ ಅನುಸರಿಸಿತು. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2014ರ ಏಪ್ರಿಲ್‌ನಲ್ಲಿ ಇದೇ ಅನುಮತಿ ನೀಡಿತು.

ಇನ್ನೊಂದು ಕಾರಣವಿದೆ. ಅದು ಯಾವ ಯಂತ್ರದಿಂದಲೂ ಬಗೆಹರಿಯುವಂಥದ್ದಲ್ಲ, ಆದರೆ ಅದರ ಬಗ್ಗೆ ನಾವು ಮಾತನಾಡುವುದೇ ಕಡಿಮೆ. ಅದು ನಮ್ಮ ಕಿವಿ ಮತ್ತು ನಮ್ಮ ಗಮನ. 2024ರ ಜನವರಿ 2ರಂದು ಟೋಕಿಯೊದ ಹನೇಡಾ ವಿಮಾನ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್‌ನ ಎ350 ವಿಮಾನ ಇಳಿಯುವಾಗ ರನ್‌ವೇಯಲ್ಲಿದ್ದ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಆ ಚಿಕ್ಕ ವಿಮಾನದಲ್ಲಿದ್ದ ಐವರು ಸತ್ತರು. ಆದರೆ ದೊಡ್ಡ ವಿಮಾನದಲ್ಲಿದ್ದ 379 ಮಂದಿಯೂ ಸುಮಾರು 18 ನಿಮಿಷಗಳಲ್ಲಿ ಜೀವಂತ ಹೊರಬಂದರು. ಆ ವಿಮಾನದ ಧ್ವನಿವರ್ಧಕ ವ್ಯವಸ್ಥೆ ಕೆಲಸ ಮಾಡಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಗಗನಸಖಿಯರು ಮೆಗಾಫೋನ್ ಹಿಡಿದು, ಬರಿ ಗಂಟಲಿನಿಂದ ಕೂಗಿ, ಯಾವ ಬಾಗಿಲು, ಯಾವ ಕಡೆ ಎಂದು ಹೇಳಿದರು. ಹೊಗೆ ತುಂಬಿದ ಕತ್ತಲಲ್ಲಿ ಆ ಕೂಗು ಕಿವಿಗೆ ಬೀಳಬೇಕಾದರೆ ಕಿವಿ ತೆರೆದಿರಬೇಕು.

ಇದರ ಪಕ್ಕದಲ್ಲಿ ಇನ್ನೊಂದು ಘಟನೆಯನ್ನು ಇಟ್ಟು ನೋಡಿ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಹೊರಟ ಎಮಿರೇಟ್ಸ್ ವಿಮಾನ ದುಬೈಯಲ್ಲಿ ಅಪಘಾತಕ್ಕೀಡಾಯಿತು. ಒಳಗಿದ್ದ 300 ಮಂದಿಯೂ ಪಾರಾದರು, ಬೆಂಕಿ ಆರಿಸಲು ಬಂದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಪ್ರಾಣ ಕೊಟ್ಟರು. ಒಳಗಿನ ಪ್ರಯಾಣಿಕರೊಬ್ಬರು ಆ ಗಳಿಗೆಯಲ್ಲೂ ಫೋನಿನಲ್ಲಿ ಮಾಡಿಕೊಂಡ ವಿಡಿಯೊ ಲೋಕವೆಲ್ಲ ಹರಡಿತು. ಸಿಬ್ಬಂದಿ ಎಲ್ಲ ಬಿಟ್ಟು ಹೊರಡಿ ಎಂದು ಕೂಗುತ್ತಿದ್ದರೆ, ಜನ ತಲೆಯ ಮೇಲಿನ ಪೆಟ್ಟಿಗೆಗಳನ್ನು ತೆರೆದು ಬ್ಯಾಗು, ಲ್ಯಾಪ್‌ಟಾಪ್ ಹುಡುಕುತ್ತಿರುವುದು ಅದರಲ್ಲಿ ಕಾಣುತ್ತದೆ. ಆ ಪ್ರಯಾಣಿಕರನ್ನು ನಾನು ದೂರುವುದಿಲ್ಲ. ಅಂತಹ ಹೊತ್ತಿನಲ್ಲಿ ಮನಸ್ಸು ಹೇಗೆ ಓಡುತ್ತದೆ ಎಂದು ಹೊರಗೆ ಕುಳಿತವರು ಹೇಳಲಾಗದು. ಆದರೆ ಹೊರಡುವಾಗ ಮತ್ತು ಇಳಿಯುವಾಗ ಇಯರ್‌ಫೋನ್ ತೆಗೆದಿಡಿ, ಲ್ಯಾಪ್‌ಟಾಪ್ ಒಳಗಿಡಿ, ಕಿಟಕಿಯ ಪರದೆ ಏರಿಸಿ ಎಂದು ಹೇಳುವುದೇಕೆ ಎಂಬ ಪ್ರಶ್ನೆಗೆ ಈ ಎರಡು ಘಟನೆಗಳಲ್ಲಿ ಪೂರ್ತಿ ಉತ್ತರವಿದೆ. ಆ ಕೆಲವು ನಿಮಿಷಗಳ ಮಟ್ಟಿಗೆ ಫೋನನ್ನು ಜೇಬಿನಲ್ಲಿಡುವುದು ಶಿಷ್ಟಾಚಾರಕ್ಕಿಂತ ದೊಡ್ಡದು.

ಈಗ ಇಂಟರ್‌ನೆಟ್‌ನ ವಿಷಯಕ್ಕೆ ಬರೋಣ. ಹಾರುವ ವಿಮಾನಕ್ಕೆ ಇಂಟರ್‌ನೆಟ್ ತಲುಪಲು ಎರಡು ದಾರಿಗಳಿವೆ. ನೆಲದ ಮೇಲೆ ಆಕಾಶದ ಕಡೆ ಮುಖಮಾಡಿದ ಟವರ್‌ಗಳನ್ನು ನಿಲ್ಲಿಸುವುದು ಒಂದು. ಅಮೆರಿಕದಲ್ಲಿ ಗೋಗೋ ಎಂಬ ಸಂಸ್ಥೆ 2008ರಲ್ಲಿ ಹೀಗೆ ಸೇವೆ ಆರಂಭಿಸಿತು. ಸಮುದ್ರದ ಮೇಲೆ ಟವರ್ ನಿಲ್ಲಿಸಲಾಗದ ಕಾರಣ ಇದಕ್ಕೆ ಮಿತಿ ಇದೆ. ಇನ್ನೊಂದು ಉಪಗ್ರಹದ ದಾರಿ. ವಿಮಾನದ ಬೆನ್ನಿನ ಮೇಲೆ ಸಣ್ಣ ಗೂನಿನಂಥ ಉಬ್ಬು ಕಂಡರೆ ಅದರೊಳಗೆ ಆಂಟೆನಾ ಇದೆ ಎಂದು ತಿಳಿಯಿರಿ. ಉಪಗ್ರಹದ ಸಂಕೇತವನ್ನು ಅದು ಹಿಡಿದು ವಿಮಾನದೊಳಗಿನ ವೈಫೈಗೆ ಕೊಡುತ್ತದೆ.

ಇದು ನಿನ್ನೆ ಮೊನ್ನೆಯ ಕನಸಲ್ಲ. ಬೋಯಿಂಗ್ ಸಂಸ್ಥೆ ಕನೆಕ್ಷನ್ ಎಂಬ ಹೆಸರಿನಲ್ಲಿ 2004ರಲ್ಲೇ ಲುಫ್ತಾನ್ಸಾ ವಿಮಾನದಲ್ಲಿ ಈ ಸೇವೆ ಕೊಟ್ಟಿತ್ತು. ಆಗ ಜನರ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ, ಲ್ಯಾಪ್‌ಟಾಪ್ ಇದ್ದವರಷ್ಟೇ ಬಳಸಬೇಕಿತ್ತು, ಹಾಕಿದ ಹಣ ಹುಟ್ಟಲಿಲ್ಲ. 2006ರ ಕೊನೆಗೆ ಅದನ್ನು ಮುಚ್ಚಿದರು.

ಉಪಗ್ರಹದ ದಾರಿಯಲ್ಲಿ ದೂರವೇ ದೊಡ್ಡ ತೊಡಕು. ಭೂಸ್ಥಿರ ಉಪಗ್ರಹಗಳು, ಅಂದರೆ ಭೂಮಿಯ ಜೊತೆಗೇ ಸುತ್ತುತ್ತ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹಗಳು, ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ನೀವು ಕಳಿಸಿದ ಸಂದೇಶ ಮೇಲೆ ಹೋಗಿ ಕೆಳಗಿನ ಕೇಂದ್ರಕ್ಕೆ ಬರಲು ಬೆಳಕಿನ ವೇಗದಲ್ಲೇ ಸುಮಾರು ಕಾಲು ಸೆಕೆಂಡು ಬೇಕು, ಉತ್ತರ ಮರಳಿ ಬರಲು ಇನ್ನೊಂದು ಕಾಲು ಸೆಕೆಂಡು. ಯಾವ ಕಂಪನಿಯೂ ಇದನ್ನು ಕಡಿಮೆ ಮಾಡಲಾಗದು. ಇಮೇಲ್, ವಾಟ್ಸ್‌ಆ್ಯಪ್ ಸಂದೇಶಗಳಿಗೆ ಈ ವಿಳಂಬ ಲೆಕ್ಕಕ್ಕಿಲ್ಲ, ಆದರೆ ಮಾತುಕತೆಯಲ್ಲಿ ಇಬ್ಬರೂ ಒಟ್ಟಿಗೆ ಮಾತನಾಡಿ ಇಬ್ಬರೂ ಒಟ್ಟಿಗೆ ನಿಲ್ಲುವಂತಾಗುತ್ತದೆ. ಇನ್ನೊಂದು ಮಿತಿಯೂ ಇದೆ: ಧ್ರುವಗಳ ಹತ್ತಿರ, ಸುಮಾರು 81 ಡಿಗ್ರಿ ಅಕ್ಷಾಂಶದಿಂದ ಆಚೆಗೆ, ಭೂಸ್ಥಿರ ಉಪಗ್ರಹ ದಿಗಂತದ ಕೆಳಗೆ ಅಡಗಿಬಿಡುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮಹಿಳಾ ಪೈಲಟ್‌ಗಳೇ ನಡೆಸಿಕೊಂಡು ಬಂದ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾದುಬಂದದ್ದು ನಿಮಗೆ ನೆನಪಿರಬಹುದು. ಅಂತಹ ದಾರಿಯಲ್ಲಿ ಹೋಗುವ ಯಾವುದೇ ವಿಮಾನ ಭೂಸ್ಥಿರ ಉಪಗ್ರಹವನ್ನೇ ನಂಬಿದ್ದರೆ ಆ ಭಾಗದಲ್ಲಿ ಸಂಪರ್ಕ ಕಡಿದುಹೋಗುತ್ತದೆ.

ಈ ಎರಡೂ ಮಿತಿಗಳನ್ನು ದಾಟುವುದಕ್ಕಾಗಿಯೇ ಈಗ ತಗ್ಗಿನ ಕಕ್ಷೆಯ ಉಪಗ್ರಹಗಳು ಬಂದಿವೆ. ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಇಂಟರ್‌ನೆಟ್ ಸೇವೆಯಾದ ಸ್ಟಾರ್‌ಲಿಂಕ್‌ನ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸಾವಿರಗಟ್ಟಲೆ ಸುತ್ತುತ್ತಿವೆ, ಆದ್ದರಿಂದ ವಿಳಂಬ ನೆಲದ ಇಂಟರ್‌ನೆಟ್‌ನ ಹತ್ತಿರಕ್ಕೆ ಬಂದಿದೆ. ಕತಾರ್ ಏರ್‌ವೇಸ್ 2024ರ ಅಕ್ಟೋಬರ್‌ನಲ್ಲಿ ತನ್ನ ಬೋಯಿಂಗ್ 777 ವಿಮಾನದಲ್ಲಿ ಅದನ್ನು ಆರಂಭಿಸಿತು. ದಯವಿಟ್ಟು ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ವಿಮಾನದಲ್ಲಿ ಕರೆ ಮಾಡಿದರೂ ಸರಿಯಾಗಿ ಕೇಳಿಸುವುದಿಲ್ಲ ಎಂಬ ಕಾರಣಕ್ಕೆ ಇಷ್ಟು ದಿನ ಉಳಿದಿದ್ದ ಮೌನ ಇನ್ನು ತಾನಾಗಿ ಉಳಿಯುವುದಿಲ್ಲ.

ನಮ್ಮ ನಾಡಿಗೂ ಇದರಲ್ಲಿ ದೊಡ್ಡ ಪಾಲಿದೆ. 2024ರ ನವೆಂಬರ್‌ನಲ್ಲಿ ಹಾರಿದ ಜಿಸ್ಯಾಟ್ ಎನ್2 ಉಪಗ್ರಹವನ್ನು ರೂಪಿಸಿದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ. 4,700 ಕಿಲೋ ತೂಕವಿದ್ದುದರಿಂದ ಅದನ್ನು ಅಮೆರಿಕದ ಫಾಲ್ಕನ್ 9 ರಾಕೆಟ್‌ನಲ್ಲಿ ಕಳಿಸಬೇಕಾಯಿತು, ಕಕ್ಷೆಗೆ ಸೇರಿದ ಮೇಲೆ ಅದರ ನಿಯಂತ್ರಣ ವಹಿಸಿಕೊಂಡದ್ದು ನಮ್ಮ ಹಾಸನದ ಪ್ರಧಾನ ನಿಯಂತ್ರಣ ಕೇಂದ್ರ. ದೇಶದ ಮೇಲೆ 32 ರೇಡಿಯೊ ಕಿರಣಗಳನ್ನು ಹಂಚಿ ಬೀರುತ್ತ, ಒಟ್ಟು ಸೆಕೆಂಡಿಗೆ 48 ಗಿಗಾಬಿಟ್ ಸಾಮರ್ಥ್ಯ ಒದಗಿಸುವಂತೆ ಅದನ್ನು ರೂಪಿಸಲಾಗಿದೆ. ದೂರದ ಹಳ್ಳಿಗಳ ಬ್ರಾಡ್‌ಬ್ಯಾಂಡ್ ಜೊತೆಗೆ ವಿಮಾನದೊಳಗಿನ ಇಂಟರ್‌ನೆಟ್ ಕೂಡ ಅದರ ಉದ್ದೇಶಗಳಲ್ಲಿ ಒಂದು. ಹಾಸನದ ಮೂಲಕ ಹಾದುಹೋಗುವಾಗ ಆ ದೊಡ್ಡ ತಟ್ಟೆ ಆಂಟೆನಾಗಳನ್ನು ನೋಡಿದವರು ಇಲ್ಲಿ ಬಹಳ ಮಂದಿ ಇದ್ದೀರಿ. ಆಕಾಶದಲ್ಲಿರುವ ನಮ್ಮ ಸಂಪರ್ಕ ಉಪಗ್ರಹಗಳನ್ನು ಕಾಯುವ ಕೆಲಸ ಅಲ್ಲಿ ಹಗಲಿರುಳು ನಡೆಯುತ್ತಿದೆ. ಅದು ನಾವು ಹೆಮ್ಮೆಪಡಬೇಕಾದ ಸಂಗತಿ.

ನಮ್ಮ ಕಾನೂನು ಮಾತ್ರ ತಡವಾಗಿ ಬಂತು. ಕೊಲ್ಲಿ ದೇಶಗಳಿಂದ ಬರುವವರಿಗೆ ಇದು ಅನುಭವದಿಂದಲೇ ಗೊತ್ತು: ಮೊದಲೆಲ್ಲ ಅರಬ್ಬಿ ಸಮುದ್ರದ ಮೇಲೆ ಇಂಟರ್‌ನೆಟ್ ಇರುತ್ತಿತ್ತು, ಭಾರತದ ವಾಯುಪ್ರದೇಶಕ್ಕೆ ಬಂದೊಡನೆ ನಿಂತುಹೋಗುತ್ತಿತ್ತು. ಇಲ್ಲಿ ಅದಕ್ಕೆ ಅನುಮತಿಯೇ ಇರಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರ ಜನವರಿಯಲ್ಲಿ ಶಿಫಾರಸು ಮಾಡಿದ ಮೇಲೆ, ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಮಾನ ಮತ್ತು ಹಡಗುಗಳ ಸಂಪರ್ಕ ನಿಯಮಗಳು ಜಾರಿಗೆ ಬಂದವು. ಭಾರತದ ವಾಯುಪ್ರದೇಶದಲ್ಲಿ 3,000 ಮೀಟರ್ ಎತ್ತರ ದಾಟಿದ ಮೇಲೆ ಮಾತ್ರ ಸೇವೆ ಎಂದು ಅವು ಹೇಳಿದವು. ಈ ಮಿತಿ ಯಾಕೆಂದು ಈಗ ನಿಮಗೇ ಹೊಳೆದಿರಬೇಕು. ನಾನು ಮೊದಲು ಹೇಳಿದ ನೆಲದ ಟವರ್‌ಗಳ ಗೊಂದಲವನ್ನು ತಪ್ಪಿಸಲು. 2020ರ ಸೆಪ್ಟೆಂಬರ್‌ನಲ್ಲಿ ವಿಸ್ತಾರಾ ತನ್ನ ಬೋಯಿಂಗ್ 787 ವಿಮಾನದ ಅಂತರರಾಷ್ಟ್ರೀಯ ಹಾರಾಟದಲ್ಲಿ ಸೇವೆ ಕೊಟ್ಟ ಮೊದಲ ಭಾರತೀಯ ಸಂಸ್ಥೆಯಾಯಿತು. ಅದು ಏರ್ ಇಂಡಿಯಾದಲ್ಲಿ ವಿಲೀನವಾದ ಮೇಲೆ, 2025ರ ಜನವರಿ 1ರಂದು ಏರ್ ಇಂಡಿಯಾ ತನ್ನ ಎ350, 787-9 ಮತ್ತು ಕೆಲವು ಎ321 ನಿಯೋ ವಿಮಾನಗಳ ದೇಶೀಯ ಹಾರಾಟಗಳಲ್ಲೂ ವೈಫೈ ಆರಂಭಿಸಿತು. ನಮ್ಮ ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗದ ಚಿಕ್ಕ ವಿಮಾನಗಳಿಗೆ ಇದು ಇಂದೇ ಬರುವುದಿಲ್ಲ. ಆಂಟೆನಾದ ತೂಕ, ಅದು ಗಾಳಿಗೆ ಒಡ್ಡುವ ತಡೆ, ಅದಕ್ಕೆ ಸುರಿಯುವ ಇಂಧನ ಇವೆಲ್ಲವನ್ನೂ ಒಂದು ಗಂಟೆಯ ಪ್ರಯಾಣದಲ್ಲಿ ಯಾರು ಭರಿಸಬೇಕು ಎಂಬ ಲೆಕ್ಕವಿದೆ. ಆದರೂ ಬರುವುದಂತೂ ನಿಶ್ಚಯ.

ಬರಬೇಕು ಎಂದೇ ನನ್ನ ಅಭಿಪ್ರಾಯ. ವಿಮಾನದ ಇಂಟರ್‌ನೆಟ್ ಎಂದರೆ ಕಂಪನಿಯ ಖರ್ಚಿನಲ್ಲಿ ಓಡಾಡುವವರ ಸೌಕರ್ಯ ಎಂದು ಬಹಳ ಜನ ತಿಳಿದಿದ್ದಾರೆ. ಕರಾವಳಿಯ ಯಾವ ಊರಿಗೆ ಹೋದರೂ ಕೊಲ್ಲಿಯಲ್ಲಿ ದುಡಿಯುವ ಮಗನೋ ಅಳಿಯನೋ ಇರುವ ಮನೆಗಳಿವೆ. ತಾಯಿಗೆ ತೀರಾ ಹುಷಾರಿಲ್ಲ ಎಂಬ ಸುದ್ದಿ ಕೇಳಿ ಸಿಕ್ಕಿದ ವಿಮಾನ ಹತ್ತಿದವನಿಗೆ ಆ ಮೂರು ನಾಲ್ಕು ಗಂಟೆ ಹೇಗೆ ಕಳೆಯುತ್ತದೆ ಎಂದು ಯೋಚಿಸಿ. ಆಸ್ಪತ್ರೆಯಿಂದ ಬರುವ ಒಂದು ಸಾಲಿನ ಸಂದೇಶ ಅವನಿಗೆ ಸಿಗಬೇಕು. ಬರಹದ ಸಂದೇಶ ಕಳಿಸಲು ಬೇಕಾಗುವ ಡೇಟಾ ಅತ್ಯಲ್ಪ, ಉಪಗ್ರಹಕ್ಕೆ ಅದೊಂದು ಭಾರವೇ ಅಲ್ಲ. ವಿಡಿಯೊಗೆ ಹಣ ತೆಗೆದುಕೊಳ್ಳಲಿ, ಆದರೆ ಬರಹದ ಸಂದೇಶ ಎಲ್ಲ ಪ್ರಯಾಣಿಕರಿಗೂ ಉಚಿತವಾಗಿರಲಿ ಎಂಬ ಬೇಡಿಕೆಯನ್ನು ನಾವು ಗಟ್ಟಿಯಾಗಿ ಇಡಬೇಕು.

ಧ್ವನಿ ಕರೆಯ ವಿಷಯ ಮಾತ್ರ ಬೇರೆಯೇ. 2008ರ ಮಾರ್ಚ್‌ನಲ್ಲಿ ದುಬೈಯಿಂದ ಕಾಸಾಬ್ಲಾಂಕಾಕ್ಕೆ ಹೊರಟ ಎಮಿರೇಟ್ಸ್ ವಿಮಾನದಿಂದ ಅಧಿಕೃತವಾಗಿ ಮೊಬೈಲ್ ಕರೆ ಮಾಡಲಾಯಿತು. ಆ ವ್ಯವಸ್ಥೆಯಲ್ಲಿ ವಿಮಾನದೊಳಗೇ ಒಂದು ಪುಟ್ಟ ಟವರ್ ಇರುತ್ತದೆ. ಟವರ್ ಪಕ್ಕದಲ್ಲೇ ಇರುವುದರಿಂದ ಫೋನು ತನ್ನ ಅತಿ ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುತ್ತದೆ, ನೆಲದ ಟವರ್ ಹುಡುಕಿಕೊಂಡು ಪೂರ್ಣ ಶಕ್ತಿಯಲ್ಲಿ ಒದ್ದಾಡುವುದಿಲ್ಲ. ಅಂದರೆ ನಾನು ಹೇಳಿದ ಮೊದಲೆರಡು ಕಾರಣಗಳಿಗೂ ಅಲ್ಲಿ ಪರಿಹಾರ ಸಿಕ್ಕಿತ್ತು. ಒಂದು ಎಚ್ಚರಿಕೆ: ಇಂತಹ ವ್ಯವಸ್ಥೆ ಇರುವ ವಿಮಾನದಲ್ಲಿ ಫ್ಲೈಟ್ ಮೋಡ್ ಹಾಕದೆ ಮಲಗಿದರೆ ಫೋನು ತಾನಾಗಿಯೇ ಆ ಪುಟ್ಟ ಟವರ್‌ಗೆ ಅಂಟಿಕೊಂಡು, ಹಿನ್ನೆಲೆಯಲ್ಲಿ ಡೇಟಾ ಎಳೆದು, ರೋಮಿಂಗ್ ದರದಲ್ಲಿ ಬಿಲ್ ಬರುವ ಸಾಧ್ಯತೆ ಇದೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಫ್ಲೈಟ್ ಮೋಡ್ ಹಾಕಿ, ಆಮೇಲೆ ವೈಫೈ ಮಾತ್ರ ತೆರೆಯಿರಿ.

ತಂತ್ರಜ್ಞಾನ ಒದಗಿತು, ಆದರೆ ಜನ ಬೇಡವೆಂದರು. ಅಮೆರಿಕದ ಎಫ್‌ಸಿಸಿ 2013ರಲ್ಲಿ ತನ್ನ 1991ರ ನಿಷೇಧವನ್ನು ಸಡಿಲಿಸುವ ಪ್ರಸ್ತಾವ ಇಟ್ಟಾಗ ಪ್ರಯಾಣಿಕರಿಂದ, ಗಗನಸಖಿಯರ ಸಂಘಗಳಿಂದ, ಪೈಲಟ್‌ಗಳಿಂದ ತೀವ್ರ ವಿರೋಧ ಬಂತು. 2018ರಲ್ಲಿ ಅಲ್ಲಿನ ಸಂಸತ್ತು ನಿಗದಿತ ವಿಮಾನಗಳಲ್ಲಿ ಮೊಬೈಲ್ ಮಾತುಕತೆಯನ್ನು ನಿಷೇಧಿಸುವ ನಿಯಮ ಮಾಡಬೇಕೆಂದು ಕಾನೂನಿನಲ್ಲೇ ಬರೆಯಿತು, 2020ರಲ್ಲಿ ಎಫ್‌ಸಿಸಿ ತನ್ನ ಪ್ರಸ್ತಾವವನ್ನು ಹಿಂತೆಗೆದುಕೊಂಡಿತು. ನಮ್ಮಲ್ಲಿ ಸ್ಥಿತಿ ಹಾಗಿಲ್ಲ. ನಮ್ಮ 2018ರ ನಿಯಮಗಳು ಡೇಟಾದ ಜೊತೆಗೆ ಧ್ವನಿಗೂ ಅವಕಾಶ ಇಟ್ಟಿವೆ. ಹಾಗಾಗಿ ನಾಳೆ ವಾಟ್ಸ್‌ಆ್ಯಪ್ ಕರೆ ಸ್ಪಷ್ಟವಾಗಿ ಕೇಳಿಸುವ ವೇಗ ಬಂದಾಗ, ಅದನ್ನು ಬಿಡುವುದೋ ತಡೆಯುವುದೋ ಎಂಬ ತೀರ್ಮಾನ ವಿಮಾನ ಸಂಸ್ಥೆಗಳ ಕೈಯಲ್ಲಿದೆ ಮತ್ತು ನಮ್ಮ ನಡವಳಿಕೆಯಲ್ಲಿದೆ.

ಬಸ್ಸಿನಲ್ಲಿ ಪಕ್ಕದವರು ಫೋನಿನಲ್ಲಿ ಮಾತನಾಡುವುದಿಲ್ಲವೇ, ವಿಮಾನದಲ್ಲಿ ಏನು ವಿಶೇಷ ಎಂದು ನೀವು ಕೇಳಬಹುದು. ಎರಡು ಸಂಗತಿಗಳಿವೆ. ಹಾರುವ ವಿಮಾನದೊಳಗಿನ ಸದ್ದು 80ರಿಂದ 85 ಡೆಸಿಬೆಲ್ ಇರುತ್ತದೆ. ಸುತ್ತ ಸದ್ದಿದ್ದಾಗ ಮನುಷ್ಯ ತನಗೆ ಅರಿವಿಲ್ಲದೆಯೇ ದನಿ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ವಿವರಿಸಿದ್ದ. ವಿಮಾನದಲ್ಲಿ ಫೋನಿನಲ್ಲಿ ಮಾತನಾಡುವವನು ಕೂಗುವುದು ಒರಟುತನದಿಂದಲ್ಲ, ದೇಹದ ಸಹಜ ಗುಣದಿಂದ. ಇನ್ನು, ಇಬ್ಬರು ಪಕ್ಕದಲ್ಲಿ ಕುಳಿತು ಮಾತನಾಡಿದರೆ ನಮ್ಮ ಮನಸ್ಸು ಅದನ್ನು ಹಿನ್ನೆಲೆಗೆ ಸರಿಸಿಬಿಡುತ್ತದೆ, ಆದರೆ ಫೋನಿನ ಮಾತಿನಲ್ಲಿ ಒಬ್ಬರ ಮಾತಷ್ಟೇ ಕೇಳಿಸುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಅರ್ಧ ಸಂಭಾಷಣೆ ಕೇಳಿಸಿಕೊಂಡವರ ಏಕಾಗ್ರತೆ ಪೂರ್ತಿ ಸಂಭಾಷಣೆ ಕೇಳಿದವರಿಗಿಂತ ಹೆಚ್ಚು ಕೆಟ್ಟದ್ದು ಕಂಡುಬಂತು. ಮುಂದಿನ ಮಾತು ಏನಿರಬಹುದೆಂದು ಮನಸ್ಸು ಊಹಿಸುತ್ತಲೇ ಇರುತ್ತದೆ. ಎದ್ದು ಹೋಗಲು ಜಾಗವಿಲ್ಲದ, ಮೊಣಕೈಗೆ ಮೊಣಕೈ ತಾಗುವ ಆಸನದಲ್ಲಿ, ರಾತ್ರಿ ಎರಡು ಗಂಟೆಗೆ ಇದನ್ನು ಸಹಿಸುವುದು ಎಷ್ಟು ಕಷ್ಟವೆಂದು ಊಹಿಸಿಕೊಳ್ಳಿ. ತೀರಾ ಅನಿವಾರ್ಯವಾದ ಕರೆ ಇದ್ದರೆ ಸಿಬ್ಬಂದಿಗೆ ತಿಳಿಸಿ, ಅವರು ತೋರಿಸಿದ ಜಾಗದಲ್ಲಿ ಎರಡು ಮಾತಿನಲ್ಲಿ ಮುಗಿಸಬಹುದು. ಮಿಕ್ಕದ್ದಕ್ಕೆಲ್ಲ ಬರಹ ಸಾಕು.

ಇಂದಿನ ಮಟ್ಟಿಗೆ ಕರೆಗಿಂತ ದೊಡ್ಡ ಉಪದ್ರವವೆಂದರೆ ಇಯರ್‌ಫೋನ್ ಇಲ್ಲದೆ ಜೋರಾಗಿ ಹಾಕುವ ರೀಲ್ಸ್, ಮಕ್ಕಳ ಕೈಗೆ ಕೊಟ್ಟ ಕಾರ್ಟೂನ್. ಇದಕ್ಕೆ ಇಂಟರ್‌ನೆಟ್ ಕೂಡ ಬೇಕಿಲ್ಲ. ಈ ವಿಷಯದಲ್ಲಿ ನಮ್ಮ ರಾಜ್ಯ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ: ಹೈಕೋರ್ಟಿನ ಆದೇಶದ ಮೇರೆಗೆ ಕೆಎಸ್‌ಆರ್‌ಟಿಸಿ 2021ರ ನವೆಂಬರ್‌ನಲ್ಲಿ ತನ್ನ ಬಸ್ಸುಗಳಲ್ಲಿ ಫೋನಿನ ಸ್ಪೀಕರ್‌ನಲ್ಲಿ ಹಾಡು, ವಿಡಿಯೊ ಹಾಕುವುದನ್ನು ನಿಷೇಧಿಸಿತು. ಮೊದಲು ಕಂಡಕ್ಟರ್ ವಿನಂತಿಸಬೇಕು, ಒಪ್ಪದಿದ್ದರೆ ಪ್ರಯಾಣಿಕನನ್ನು ಕೆಳಗಿಳಿಸಬಹುದು, ಟಿಕೆಟ್ ಹಣವನ್ನೂ ಹಿಂದಿರುಗಿಸಬೇಕಿಲ್ಲ. ವಿಮಾನದಲ್ಲಿ ಇಳಿಸುವ ದಾರಿಯಿಲ್ಲ. ಆದ್ದರಿಂದ ಅಲ್ಲಿ ವಿನಂತಿಯೇ ಫಲಿಸಬೇಕು, ವಿನಂತಿ ಫಲಿಸಬೇಕಾದರೆ ಅದು ಮೊದಲೇ ಬರಬೇಕು, ಅರ್ಥವಾಗುವ ಭಾಷೆಯಲ್ಲಿ ಬರಬೇಕು.

ಮೊದಲ ಸಲ ವಿಮಾನ ಹತ್ತಿದ ಹಿರಿಯರು ಸ್ಪೀಕರ್‌ನಲ್ಲಿ ಭಜನೆ ಹಾಕಿಕೊಂಡು ಕುಳಿತಿದ್ದನ್ನು ನಾನು ಕಂಡಿದ್ದೇನೆ. ಪಕ್ಕದ ಹುಡುಗಿ "ಅಜ್ಜ, ಸ್ವಲ್ಪ ಸೌಂಡ್ ಕಡಿಮೆ ಮಾಡ್ತೀರಾ? ಇಲ್ಲಿ ಎಲ್ಲರಿಗೂ ಕೇಳಿಸುತ್ತೆ" ಎಂದಳು. ಅವರು "ಹೌದಾ ಮಗಳೇ, ನನಗೆ ಕಿವಿ ಕೇಳೋದು ಕಮ್ಮಿ, ಗೊತ್ತಾಗಲಿಲ್ಲ" ಎಂದು ಆರಿಸಿಬಿಟ್ಟರು. ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಮುಖ ಗಂಟಿಕ್ಕಿ ನೋಡುವುದಾಗಲಿ, ಅವರ ವಿಡಿಯೊ ಮಾಡಿ ಊರಿಗೆಲ್ಲ ಹಂಚುವುದಾಗಲಿ ಶಿಷ್ಟಾಚಾರವಲ್ಲ. ವಿಡಿಯೊ ಎಂದಾಗ ನೆನಪಾಯಿತು: ಪ್ರಯಾಣಿಕರು ವಿಮಾನದೊಳಗಿಂದ ಚಿತ್ರ ತೆಗೆಯಬಹುದೆಂದು 2020ರ ಸೆಪ್ಟೆಂಬರ್‌ನಲ್ಲಿ ಡಿಜಿಸಿಎ ಸ್ಪಷ್ಟಪಡಿಸಿದೆ, ಆದರೆ ಗೊಂದಲ ಎಬ್ಬಿಸುವ ಚಿತ್ರೀಕರಣಕ್ಕೆ ಅನುಮತಿ ಇಲ್ಲ. ವಾಯುಪಡೆಯ ನೆಲೆಯಲ್ಲಿರುವ ನಿಲ್ದಾಣಗಳಲ್ಲಿ, ನಮ್ಮ ಬೀದರ್ ಅಂಥದ್ದು, ಸಿಬ್ಬಂದಿ ಬೇಡವೆಂದರೆ ಕ್ಯಾಮೆರಾ ತೆಗೆಯಲೇಬಾರದು.

ಫೋನಿನ ಬ್ಯಾಟರಿಯ ಬಗ್ಗೆ ಎರಡು ಮಾತು. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೆ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನ ಹೊರಡುವ ಮೊದಲೇ ಹೊತ್ತಿಕೊಂಡಿತು. ಮೇಲಿನ ಪೆಟ್ಟಿಗೆಯಲ್ಲಿದ್ದ ಪವರ್ ಬ್ಯಾಂಕ್ ಕಾರಣವಾಗಿರಬಹುದೆಂದು ತನಿಖೆ ಹೇಳಿತು. ಎಲ್ಲರೂ ಪಾರಾದರು. ಆಮೇಲೆ ಸಿಂಗಪುರ್ ಏರ್‌ಲೈನ್ಸ್, ಎಮಿರೇಟ್ಸ್‌ನಂಥ ಸಂಸ್ಥೆಗಳು ಹಾರಾಟದಲ್ಲಿ ಪವರ್ ಬ್ಯಾಂಕ್ ಬಳಕೆಯನ್ನೇ ನಿಲ್ಲಿಸಿದವು. ಪವರ್ ಬ್ಯಾಂಕನ್ನು ಲಗೇಜಿಗೆ ಹಾಕಬೇಡಿ, ಕೈಚೀಲದಲ್ಲಿ, ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳಿ. ಫೋನು ಆಸನದ ಸಂದಿಗೆ ಬಿದ್ದರೆ ಆಸನವನ್ನು ಹಿಂದೆ ಮುಂದೆ ಮಾಡದೆ ಸಿಬ್ಬಂದಿಯನ್ನು ಕರೆಯಿರಿ. ಒತ್ತಿ ಜಜ್ಜಿದ ಲಿಥಿಯಂ ಬ್ಯಾಟರಿ ಉರಿಯುತ್ತದೆ. 2025ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನಿಂದ ಮ್ಯೂನಿಕ್‌ಗೆ ಹೊರಟ ಲುಫ್ತಾನ್ಸಾ ಎ380 ವಿಮಾನ ಆಸನದಲ್ಲಿ ಸಿಕ್ಕಿಬಿದ್ದ ಒಂದು ಟ್ಯಾಬ್ಲೆಟ್‌ನಿಂದಾಗಿ ಬಾಸ್ಟನ್‌ನಲ್ಲಿ ಇಳಿಯಬೇಕಾಯಿತು.

ನಮ್ಮ ಊರುಗಳಿಂದ ಹೊರಡುವ ವಿಮಾನಗಳ ಪ್ರಕಟಣೆ ಹೆಚ್ಚಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲೇ ನಡೆಯುತ್ತದೆ. ಕನ್ನಡ ಮಾತ್ರ ಬಲ್ಲವರಿಗೆ ಫ್ಲೈಟ್ ಮೋಡ್ ಏಕೆ, ಇಯರ್‌ಫೋನ್ ಏಕೆ ಎಂದು ಹೇಳದೆ ಶಿಷ್ಟಾಚಾರ ನಿರೀಕ್ಷಿಸುವುದು ನ್ಯಾಯವಲ್ಲ. ವೈಫೈ ಬರುವ ವಿಮಾನಗಳಲ್ಲಿ ಇದಕ್ಕೆ ಸುಲಭದ ಉಪಾಯವೂ ಇದೆ. ಇಂಟರ್‌ನೆಟ್ ತೆರೆಯಬೇಕಾದರೆ ಪ್ರತಿಯೊಬ್ಬರೂ ಮೊದಲು ಒಂದು ಪುಟಕ್ಕೆ ಹೋಗಿ ಒಪ್ಪಿಗೆಯ ಗುಂಡಿ ಒತ್ತಲೇಬೇಕು. ಕರ್ನಾಟಕದಿಂದ ಹೊರಡುವ ಮತ್ತು ಕರ್ನಾಟಕಕ್ಕೆ ಬರುವ ವಿಮಾನಗಳಲ್ಲಿ ಆ ಪುಟ ಕನ್ನಡದಲ್ಲೂ ಇರಲಿ. ಕರೆ ಮಾಡುವಂತಿಲ್ಲ, ಇಯರ್‌ಫೋನ್ ಇಲ್ಲದೆ ಸದ್ದು ಹಾಕುವಂತಿಲ್ಲ, ವಿಮಾನ ಇಳಿಯಲು ಶುರುಮಾಡಿದಾಗ ಕಿವಿ ತೆರೆದಿಡಬೇಕು ಎಂಬ ಮೂರು ಸಾಲು ಆ ಗುಂಡಿಯ ಮೇಲೆಯೇ ಇರಲಿ. ವಿಮಾನ ಸಂಸ್ಥೆಗಳು ಟಿಕೆಟ್‌ನ ಜೊತೆಗೆ ಅಭಿಪ್ರಾಯ ಕೇಳಿ ಕಳಿಸುವ ಇಮೇಲ್‌ಗೆ ನಾವು ಯಾರೂ ಉತ್ತರ ಬರೆಯುವುದಿಲ್ಲ. ಮುಂದಿನ ಸಲ ಬಂದಾಗ ಇಷ್ಟನ್ನು ಬರೆದು ಕಳಿಸಿ, ಕನ್ನಡದಲ್ಲೇ ಬರೆದು ಕಳಿಸಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ.